ನಾಲ್ಕು ಹೆಸರಿನ ಚೀಟಿ

ಪುಷ್ಪ ಟೀಚರ್ ಹೇಳಿಕೊಟ್ಟರೆ ಕಲ್ಲಿಗೂ ಲೆಕ್ಕ ಅರ್ಥವಾಗುತ್ತದೆ ಎಂದು ಕೊಳ್ಳೇಗಾಲದ ಆ ಅನುದಾನಿತ ಪ್ರೌಢಶಾಲೆಯಲ್ಲಿ ಮಾತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವಿಗೂ ಹೊಡೆದವಳಲ್ಲ. ತನ್ನ ಬಗ್ಗೆ ಅವಳಿಗೇ ಒಳ್ಳೆಯ ಅಭಿಪ್ರಾಯವಿತ್ತು.

ಆ ಅಭಿಪ್ರಾಯ ಕೆಟ್ಟಿದ್ದು ಎಂಟನೇ ತರಗತಿಯ ವಾರ್ಷಿಕ ಪರೀಕ್ಷೆ ಮುಗಿದ ಒಂದು ಏಪ್ರಿಲ್‌ನಲ್ಲಿ. ಶಾಲೆಯ ಕಾರ್ಯದರ್ಶಿ ಕುಮಾರಸ್ವಾಮಿ ಅವಳನ್ನು ಕರೆಸಿಕೊಂಡರು.

"ಎಂಟನೇ ಕ್ಲಾಸಲ್ಲಿ ಫೇಲ್ ಮಾಡೋ ಹಾಗಿಲ್ಲ. ಮುಂದೆ ಹತ್ತಕ್ಕೆ ಬಂದು ನಮ್ಮ ರಿಸಲ್ಟ್ ಕೆಡಿಸೋರೇ ಈ ದಡ್ಡ ಮಕ್ಕಳು. ಲೆಕ್ಕದಲ್ಲಿ ತೀರಾ ಹಿಂದಿರೋ ನಾಲ್ಕು ಹೆಸರು ಬರ್ಕೊಡಿ ಮೇಡಂ. ಅಪ್ಪ ಅಮ್ಮಂದಿರೇ ಟಿ.ಸಿ. ಕೇಳೋ ಹಾಗೆ ನೋಡ್ಕೊಳ್ಳಿ."

ಪುಷ್ಪ ಎದುರಾಡಲಿಲ್ಲ. ಚೀಟಿಯಲ್ಲಿ ಹೆಸರು ಬರೆದಳು, ಒಬ್ಬೊಬ್ಬರ ಮನೆಯವರನ್ನೂ ಕರೆಸಿದಳು. ಒಬ್ಬರು ಶಾಲೆಯ ಅಂಗಳದಲ್ಲೇ ಕೂಗಾಡಿದರು. ಇನ್ನೊಬ್ಬರು ಪುರಸಭೆ ಸದಸ್ಯರನ್ನು ಕರೆತಂದರು. ಮೂರನೆಯವರು ಆಗುವುದಿಲ್ಲ ಎಂದು ಎದ್ದು ಹೋದರು. ಉಳಿದವನು ಹೊನ್ನೂರಿನ ಚೆನ್ನಯ್ಯ, ಕಂಡವರ ಗದ್ದೆಯಲ್ಲಿ ಕಬ್ಬು ಕಡಿಯುವವನು. ಮಗಳು ಮಾದಲಾಂಬಿಕಳನ್ನು ಜೊತೆಗೇ ಕರೆದುಕೊಂಡು ಬಂದಿದ್ದ.

"ನಿಮ್ಮೂರ ಹತ್ತಿರದ ಸರ್ಕಾರಿ ಶಾಲೇಲಿ ಒಂಬತ್ತನೇ ಕ್ಲಾಸಿಂದ ಹಿಂದಿ ಬದಲು ಕಸುಬಿನ ಸಬ್ಜೆಕ್ಟ್ ತಗೋಬಹುದು, ಚೆನ್ನಯ್ಯನವರೇ. ಬ್ಯೂಟಿ ಪಾರ್ಲರ್ ಕೆಲಸ ಕಲಿಸ್ತಾರೆ. ಇವಳಿಗೆ ಅದೇ ಸುಲಭ. ಬಸ್ಸಿನ ಓಡಾಟವೂ ತಪ್ಪುತ್ತೆ."

ಕೆಲವು ಸರ್ಕಾರಿ ಶಾಲೆಗಳಲ್ಲಿ ಅಂಥ ವಿಷಯ ಇದೆ ಎಂದು ಅವಳು ಯಾವುದೋ ತರಬೇತಿಯಲ್ಲಿ ಕೇಳಿದ್ದಳು, ಅಷ್ಟೆ. ಆ ಶಾಲೆಯಲ್ಲಿ ಇದೆಯೇ ಎಂದು ಯಾರನ್ನೂ ವಿಚಾರಿಸಿರಲಿಲ್ಲ.

"ಇವ್ಳು ಇಂದಿ ಪಾಠಾನೇ ಚೆಂದಾಗಿ ಓದ್ತಾಳೆ ಮೇಡಮ್ಮೋರೆ," ಎಂದ ಚೆನ್ನಯ್ಯ. "ಆದ್ರೂ ನೀವೇಳಿದ್ಮೇಲೆ ಮುಗೀತು. ನಮ್ಗೇನ್ ಗೊತ್ತಾದ್ದು?" ಎಂದು ಕೈ ಮುಗಿದ.

ಹುಡುಗಿ ಟೀಚರ ಮುಖವನ್ನೇ ನೋಡುತ್ತಿದ್ದಳು. ಪುಷ್ಪ ಮೇಜಿನ ಖಾನೆ ಎಳೆದು ಪೆನ್ನು ಹುಡುಕುವವಳಂತೆ ತಲೆ ತಗ್ಗಿಸಿದಳು.

ಎರಡು ವರ್ಷ ಕಳೆಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಪುಷ್ಪಳನ್ನು ಯಳಂದೂರಿನ ಒಂದು ಕೇಂದ್ರಕ್ಕೆ ಕೊಠಡಿ ಮೇಲ್ವಿಚಾರಕಿಯಾಗಿ ಹಾಕಿದ್ದರು. ತೃತೀಯ ಭಾಷೆಯ ದಿನ ಹಾಲ್ ಟಿಕೆಟ್ ನೋಡುತ್ತ ಬಂದವಳು ಕಿಟಕಿ ಪಕ್ಕದ ಬೆಂಚಿನ ಹತ್ತಿರ ನಿಂತುಬಿಟ್ಟಳು. ಮಾದಲಾಂಬಿಕ. ವಿಷಯ, ಹಿಂದಿ. ಪುಷ್ಪ ಸಹಿ ಹಾಕಿ ಮುಂದಿನ ಬೆಂಚಿಗೆ ಹೋದಳು. ಹುಡುಗಿ ಎರಡು ಸಲ ಎದ್ದು ನಿಂತು ಹೆಚ್ಚುವರಿ ಹಾಳೆ ಕೇಳಿದಳು, ಎರಡು ಸಲವೂ ಪುಷ್ಪ ಹೋಗಿ ಕೊಟ್ಟಳು.

ಗಂಟೆ ಹೊಡೆದು ಉತ್ತರ ಪತ್ರಿಕೆ ಒಪ್ಪಿಸಿದ ಮೇಲೆ ಜಗುಲಿಯಲ್ಲಿ ಅವಳೇ ಹುಡುಗಿಯನ್ನು ತಡೆದು ಕೇಳಿದಳು.

"ಹಿಂದಿ ಬರೆದೆಯಲ್ಲ. ಆ ಕಸುಬಿನ ಸಬ್ಜೆಕ್ಟ್ ತಗೊಳ್ಳಲಿಲ್ವಾ?"

"ಆ ಸ್ಕೂಲಲ್ಲಿ ಅದು ಇರ್ಲೇ ಇಲ್ಲ ಮಿಸ್. ಅಪ್ಪ ಆಫೀಸಲ್ಲಿ ಕೇಳ್ದಾಗ ಎಲ್ರೂ ನಕ್ರು. ಯಾರೇಳಿದ್ದು ನಿಮ್ಗೆ ಅಂದ್ರು. ಅಪ್ಪ ನಿಮ್ ಹೆಸ್ರು ಏಳ್ಲಿಲ್ಲ."

ದೂರಿನ ದನಿಯಲ್ಲ ಅದು. ಅಪ್ಪ ಮಾಡಿದ ಒಳ್ಳೆಯ ಕೆಲಸವನ್ನು ಟೀಚರಿಗೆ ತಿಳಿಸುವ ದನಿ. ಪುಷ್ಪಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. "ಉಳಿದದ್ದೂ ಚೆನ್ನಾಗಿ ಬರಿ," ಎಂದಷ್ಟೇ ಹೇಳಿ ಹೊರಟುಬಿಟ್ಟಳು.

ಆ ಭಾನುವಾರ ಹೊನ್ನೂರಿನ ಬಸ್ಸು ಹತ್ತಿದಳು. ಚೆನ್ನಯ್ಯ ಮನೆ ಮುಂದೆ ತೆಂಗಿನ ಗರಿ ಹೆಣೆಯುತ್ತಿದ್ದ. ದಡಬಡಿಸಿ ಎದ್ದು ಚಾಪೆ ಹಾಸಿದ. ಅವಳು ಕೂರದೆ, ನಿಂತಲ್ಲೇ ಎಲ್ಲ ಹೇಳಿದಳು. ನಾಲ್ಕು ಹೆಸರು ಬರೆದದ್ದು, ರಿಸಲ್ಟಿಗಾಗಿ ಕಳಿಸಿದ್ದು, ಆ ವಿಷಯ ಇದೆಯೋ ಇಲ್ಲವೋ ತಿಳಿಯದೆ ಆಸೆ ಹುಟ್ಟಿಸಿದ್ದು.

ಚೆನ್ನಯ್ಯ ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟ.

"ಮಿಕ್ಕ ಮೂರು ಮಕ್ಕ?"

"ನಮ್ಮಲ್ಲೇ ಇದ್ದಾರೆ. ಅವರ ಮನೆಯವರು ಒಪ್ಪಲಿಲ್ಲ."

"ಜಗ್ಳ ಆಡ್ದೋರ ಮಕ್ಕ ಉಳ್ಕಂಡ್ವು. ನಾನು ಕೈ ಮುಗ್ದೆ, ನನ್ ಮಗ್ಳು ಆಚ್ಗೆ ಬಂದ್ಲು."

ಬೈಯುತ್ತಾನೆ, ಬೈಸಿಕೊಂಡು ಹಗುರಾಗಬಹುದು ಎಂದು ಅವಳು ಬಂದಿದ್ದಳು. ಅವನು ಬೈಯಲಿಲ್ಲ. ಮಗಳನ್ನು ಕೂಗಿ ನೀರು ತರಿಸಿದ. "ಬಿಸ್ಲಲ್ಲಿ ಬಂದಿದ್ದೀರಿ, ಕುಡ್ದು ಓಗಿ," ಎಂದು ಮತ್ತೆ ಗರಿ ಹೆಣೆಯಲು ಕೂತ. ಅವಳು ಹೊರಡುವಾಗ ತಲೆ ಎತ್ತಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮಾದಲಾಂಬಿಕ ಪಾಸಾಗಿದ್ದಳು, ಲೆಕ್ಕದಲ್ಲಿ ನಲವತ್ತೊಂದು. ಪುಷ್ಪಳ ಶಾಲೆಗೆ ಆ ಸಲವೂ ನೂರಕ್ಕೆ ನೂರು ಬರಲಿಲ್ಲ. ನಪಾಸಾದವರಲ್ಲಿ ಚೀಟಿಯ ಹೆಸರೊಂದೂ ಇರಲಿಲ್ಲ.

ಮರುವರ್ಷ ಕಾರ್ಯದರ್ಶಿ ಮತ್ತೆ ಹೆಸರು ಕೇಳಿದಾಗ ಅವಳು ಬರೆಯುವುದಿಲ್ಲ ಎಂದಳು. ಬೇರೊಬ್ಬ ಮೇಷ್ಟ್ರು ಬರೆದುಕೊಟ್ಟರು. ಸುದ್ದಿ ತಿಳಿದ ದಿನವೇ ಪುಷ್ಪ, ಆ ಹೊಸ ಚೀಟಿಯಲ್ಲಿದ್ದ ಒಂದು ಮಗುವಿನ ತಾಯಿಯನ್ನು, ಹನೂರು ಕಡೆಯವಳನ್ನು, ಬಸ್ ಸ್ಟ್ಯಾಂಡಿನವರೆಗೂ ಹಿಂಬಾಲಿಸಿ, "ನೀವಾಗಿ ಕೇಳದೆ ಅವರು ಟಿ.ಸಿ. ಕೊಡೋಕಾಗಲ್ಲ. ಕೇಳ್ಬೇಡಿ," ಎಂದಳು. ಆ ತಾಯಿ ಬರೆಸಿಟ್ಟುಕೊಂಡಿದ್ದ ಟಿ.ಸಿ. ಅರ್ಜಿಯನ್ನು ಅಲ್ಲೇ ಹರಿದಳು. ಚೀಟಿಯಲ್ಲಿದ್ದ ಇನ್ನೊಂದು ಹುಡುಗಿಯ ಮನೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಅವಳು ಟಿ.ಸಿ. ತಗೊಂಡು ಹೋಗಿಯಾಗಿತ್ತು.