ಎಳೆ ಹರಿಯದ ಮಗ್ಗ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಕೆಟ್ಟ ಸ್ಪೀಕರುಗಳನ್ನು ದುರಸ್ತಿ ಮಾಡುತ್ತೇನೆ. ಹೋದ ಸೋಮವಾರ ಗಿರಾಕಿಯೊಬ್ಬ ತನ್ನ ಸ್ಪೀಕರು ಸರಿಯಾಯಿತೋ ಇಲ್ಲವೋ ನೋಡಲೆಂದು ಫೋನಿನಿಂದ ಹಾಡು ಹಚ್ಚಿದ. ಮೊದಲು ಕೇಳಿಸಿದ್ದು ಕೈಮಗ್ಗದ ಸಪ್ಪಳ. ಆಮೇಲೆ ಅದರಡಿಯಿಂದ ಎಲೆಕ್ಟ್ರಾನಿಕ್ ವಾದ್ಯದ ದಪ್ಪ ಗುಂಗು ಎದ್ದಿತು. ನನ್ನ ಕೈಯಲ್ಲಿ ಕಾದ ಬೆಸುಗೆ ಕಡ್ಡಿ ಇತ್ತು. ಅದನ್ನು ಅದರ ಜಾಗದಲ್ಲಿಡುವ ಬದಲು ಮೇಜಿನ ಮೇಲೆ ಇಟ್ಟುಬಿಟ್ಟೆ. ಸುಟ್ಟ ಹಲಗೆಯ ವಾಸನೆ ಇನ್ನೂ ಹೋಗಿಲ್ಲ.

"ಛಲೋ ಐತಲ್ರಿ? ನಮ್ಮ ಹುಬ್ಬಳ್ಳಿ ಹುಡುಗರ ಹೊಸಾ ಆಲ್ಬಮ್‌ರಿ," ಎಂದ ಗಿರಾಕಿ.

"ಸ್ಪೀಕರ್ ಛಲೋ ಐತಿ," ಎಂದೆ.

ಆ ಹುಬ್ಬಳ್ಳಿ ಹುಡುಗರಲ್ಲಿ ಒಂದು ಕಾಲಕ್ಕೆ ನಾನೂ ಒಬ್ಬನಾಗಿದ್ದೆ. ಆರು ವರ್ಷಗಳ ಹಿಂದೆ ಗೆಳೆಯ ಮಂಜುನಾಥನೂ ನಾನೂ ಇದೇ ಅಂಗಡಿಯ ಅಟ್ಟದ ಮೇಲೆ ಎರಡು ಲ್ಯಾಪ್‌ಟಾಪು, ಒಂದು ಹಳೆಯ ಕೀಬೋರ್ಡು ಇಟ್ಟುಕೊಂಡು ಬ್ಯಾಂಡ್ ಕಟ್ಟಿದ್ದೆವು. ಮಂಜುನಾಥನ ತಂದೆ ಧಾರವಾಡದಲ್ಲಿ ಗಾಯನ ಕಲಿಸುವವರು. ಒಮ್ಮೆ ಮೆಟ್ಟಿಲ ಮೇಲೆ ನಿಂತು ನಮ್ಮ ಸಂಗೀತವನ್ನು ಪೂರಾ ಕೇಳಿದರು. ಕೊನೆಗೆ, "ಯಾರದರೆ ಫ್ರಿಜ್ ರಿಪೇರಿಗೆ ಬಂದೈತೇನಪಾ?" ಎಂದು ಕೇಳಿ ಇಳಿದುಹೋದರು. ಅದನ್ನು ನಾವು ಮೆಚ್ಚುಗೆಯೆಂದೇ ತಿಳಿದೆವು. ಅಂಥ ವಯಸ್ಸು.

ಮಗ್ಗದ ಸಪ್ಪಳ ತರೋಣ ಎಂದವನು ನಾನು. ಧಾರವಾಡದಾಚೆಯ ಗರಗದಲ್ಲಿ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಖಾದಿ ನೇಯುತ್ತಾಳೆ. ಆಗ ಅವಳ ಮನೆಯಲ್ಲೇ ಮಗ್ಗವಿತ್ತು; ರೆಕಾರ್ಡರ್ ಹಿಡಿದು ಇಬ್ಬರೂ ಹೋದೆವು. ನೇಯುವಾಗ ಚಿಗವ್ವ ಸುಮ್ಮನಿರುವವಳಲ್ಲ. ಹಾಡುತ್ತಾಳೆ, ಕೆಮ್ಮುತ್ತಾಳೆ, ಹರಿದ ಎಳೆಯನ್ನು ಬೈಯುತ್ತಾಳೆ. "ಚಿಗವ್ವಾ, ತುಸು ಸುಮ್ಮನಿರು, ನಿನ್ನ ದನಿ ಬೀಳಾಕತ್ತೈತಿ," ಎಂದು ನಾನು ನಾಲ್ಕು ಸಲ ಹೇಳಿದೆ. ಅಷ್ಟಾದರೂ ದನಿ ಬಿದ್ದೇಬಿದ್ದಿತು. ಹುಬ್ಬಳ್ಳಿಗೆ ಬಂದು ಅದನ್ನೆಲ್ಲ ಕತ್ತರಿಸಿ ತೆಗೆದೆ. ಉಳಿದ ನಾಲ್ಕು ಸೆಕೆಂಡುಗಳ ಶುದ್ಧ ಸಪ್ಪಳವನ್ನು ಮತ್ತೆ ಮತ್ತೆ ಜೋಡಿಸಿದೆ. ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಮಂಜುನಾಥ ಕೇಳಿದ. "ಲೇ, ಇದು ಭಾಳ ಸಾಫ್ ಆತು," ಎಂದ.

ಆ ಒಂದು ಮಾತಿಗೆ ಮೂರು ದಿನ ಜಗಳವಾಯಿತು. ನಾಲ್ಕನೆಯ ದಿನ ನಾನು ಬ್ಯಾಂಡ್ ಬಿಟ್ಟೆ. ನಮ್ಮ ಚಿಗವ್ವ, ನಮ್ಮ ಮಗ್ಗ, ನನ್ನ ಸಪ್ಪಳ ಎಂದು ಹೇಳಿ ಆ ಫೈಲನ್ನು ನನ್ನ ಬಳಿಯೇ ಇಟ್ಟುಕೊಂಡೆ. ಆರು ವರ್ಷಗಳಲ್ಲಿ ಅದರಿಂದ ಒಂದು ಹಾಡನ್ನೂ ಮಾಡಲಿಲ್ಲ, ನಿಜ. ಆದರೆ ಬೇರೆಯವರು ಮಾಡಬಾರದಲ್ಲ?

ಸೋಮವಾರ ಸಂಜೆ ಬಾಗಿಲು ಎಳೆದುಕೊಂಡು ಇಡೀ ಆಲ್ಬಂ ಕೇಳಿದೆ. ಚೆನ್ನಾಗಿತ್ತು. ಈ ಒಂದು ಮಾತು ಬರೆಯಲು ನನಗೆ ಐದು ದಿನ ಬೇಕಾಯಿತು. ಅಂದು ಮಾತ್ರ ತಪ್ಪು ಹುಡುಕುತ್ತ ಕುಳಿತಿದ್ದೆ, ಸಿಕ್ಕಿತು ಕೂಡ. ಮೂರನೆಯ ಹಾಡಿನ ನಡುವೆ ಮಗ್ಗ ಥಟ್ಟನೆ ನಿಂತುಬಿಡುತ್ತದೆ. ಒಂಬತ್ತು ಸೆಕೆಂಡು ಏನೂ ಇಲ್ಲ. ಮತ್ತೆ ಶುರುವಾಗುತ್ತದೆ. ಇಂಥ ಕಚ್ಚಾ ಕೆಲಸ! ಆ ರಾತ್ರಿ ರೊಟ್ಟಿ ರುಚಿಯಾಗಿ ಇಳಿಯಿತು.

ಆದರೂ ನಮ್ಮ ಮಗ್ಗದ ಸಪ್ಪಳ ಕದ್ದದ್ದು ಕಳವೇ. ಸಾಕ್ಷಿ ಬೇಕೆಂದು ಮರುದಿನ ಬಸ್ಸು ಹತ್ತಿ ಗರಗಕ್ಕೆ ಹೋದೆ. ಚಿಗವ್ವನ ಮನೆಗೆ ಬೀಗ ಹಾಕಿತ್ತು. ನೇಯ್ಗೆಯ ಕೇಂದ್ರದಲ್ಲಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ಅಲ್ಲಿ ಸಾಲು ಮಗ್ಗಗಳ ನಡುವೆ ಅವಳು ಕಂಡಳು. ಕುಶಲ ಕೇಳುವ ಮೊದಲೇ ಫೋನನ್ನು ಅವಳ ಕಿವಿಗೆ ಹಿಡಿದೆ.

"ಇದು ನಿನ್ನ ಮಗ್ಗ ಹೌದಲ್ಲ ಚಿಗವ್ವಾ?"

ಚಿಗವ್ವ ಕಣ್ಣು ಮುಚ್ಚಿ ಕೇಳಿದಳು. "ಅಲ್ಲೋ ತಮ್ಮಾ. ಇದು ಈಗ ಕುಂತೇನಲ್ಲ, ಈ ಮಗ್ಗ. ನೇಯಾಕತ್ತಾಕಿ ನಾನs. ಮನ್ಯಾಗಿಂದು ಗೆದ್ದಲ ಹತ್ತಿ ಬಿಚ್ಚಿಸಿ ಎರಡ ವರ್ಷ ಆತಲ್ಲ. ನಿನಗ ಗೊತ್ತಿಲ್ಲೇನ?"

ಗೊತ್ತಿರಲಿಲ್ಲ.

"ಇದನ್ನ ಮಂಜ್ಯಾ ಯಾವಾಗ ರೆಕಾರ್ಡ್ ಮಾಡಿಕೊಂಡ?"

"ಅವ ತಿಂಗಳಿಗೊಮ್ಮೆ ಬರ್ತಾನ. ಕುಂಡರ್ತಾನ, ಕೇಳ್ತಾನ, ಉಂಡು ಹೋಗ್ತಾನ. ಈಗ ಎಳಿಗೆ ಗಂಟ ಹಾಕೂದನೂ ಕಲ್ತಾನ."

"ಅವ ಯಾಕ ಇಲ್ಲಿಗೆ ಬರಬೇಕು?"

"ನೀ ಬರೂದಿಲ್ಲಂತ ಅವನೂ ಬರಬಾರ್ದೇನ?" ಎಂದಳು. ಪಕ್ಕದ ಮಗ್ಗದಲ್ಲಿದ್ದಾಕೆ ಸೆರಗು ಬಾಯಿಗೊತ್ತಿ ನಕ್ಕಳು.

ಇಸ್ಪೀಟಿನಲ್ಲಿ ಸೋತವನು ಕೈಯಲ್ಲಿದ್ದ ಕೊನೆಯ ಎಲೆಯನ್ನು ಎಸೆಯುತ್ತಾನಲ್ಲ, ಹಾಗೆ ನನ್ನ ಫೈಲನ್ನು ಹಚ್ಚಿದೆ. ಬಿಚ್ಚಿಹಾಕಿದ ಆ ಮಗ್ಗದ ಸಪ್ಪಳ ಲೋಕದಲ್ಲಿ ನನ್ನೊಬ್ಬನ ಹತ್ತಿರ ಮಾತ್ರ ಇದೆ ಎಂಬ ಜಂಬ ಬೇರೆ. ಚಿಗವ್ವ ಬಹಳ ಹೊತ್ತು ಕೇಳಿದಳು. ಮೊದಲು ಮುಖ ಅರಳಿತು. ನಿಧಾನವಾಗಿ ಹುಬ್ಬು ಗಂಟಿಕ್ಕಿತು.

"ಮಗ್ಗ ಖರೇನs ನಂದು. ಆದ್ರ ನೇಯಾಕತ್ತಾವ್ರು ಯಾರು? ಇಷ್ಟೊತ್ತಾತು, ಒಂದೂ ಎಳಿ ಹರೀವಲ್ದಲ್ಲೋ. ಎಳಿ ಹರದ್ರ ನಿಂದ್ರಬೇಕು, ಗಂಟ ಹಾಕಬೇಕು. ಇದು ನಿಂದ್ರೂದs ಇಲ್ಲ."

ನಾನು ಫೋನ್ ಬಂದ್ ಮಾಡಿದೆ. ಅವಳ ಮಗ್ಗದಲ್ಲಿ ಆಗಷ್ಟೇ ಒಂದು ಎಳೆ ಹರಿದಿತ್ತು. ಎರಡು ತುದಿ ಹುಡುಕಿ, ಬೆರಳಲ್ಲಿ ಹೊಸೆದು, ಗಂಟು ಹಾಕಿದಳು. ಮನಸ್ಸಿನಲ್ಲೇ ಎಣಿಸಿದೆ. ಸರಿಸುಮಾರು ಒಂಬತ್ತು ಸೆಕೆಂಡು.

ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ನೀವು ನಂಬಬೇಡಿ. ಮೊದಲು ಅದು ಮಂಜುನಾಥನ ಹಾಡುಗಳ ಮೇಲಿತ್ತು. ಈಗ ಅವನು ಚಿಗವ್ವನ ಮನೆಯಲ್ಲಿ ಉಂಡ ಊಟಗಳ ಮೇಲಿದೆ. ಅಂದು ನಾನೂ ಉಂಡೇ ಬಂದೆ. ಬುತ್ತಿಯಲ್ಲಿ ಎರಡು ರೊಟ್ಟಿ ಜಾಸ್ತಿ ಕಟ್ಟಿ, "ಮಂಜ್ಯಾಗ ಕೊಡು," ಎಂದಳು. ಕೊಡಬೇಕೋ ಬೇಡವೋ ಎಂದು ಧಾರವಾಡ ದಾಟುವವರೆಗೆ ಯೋಚಿಸಿದೆ. ಕೊಟ್ಟೆ. ಹುಬ್ಬಳ್ಳಿಯಲ್ಲಿ ಅವನ ಮನೆಯ ಬಾಗಿಲಲ್ಲೇ ನಿಂತು ಕೊಟ್ಟೆ, ಆದರೂ ಕೊಟ್ಟೆ.

ಇಂದು ಬೆಳಿಗ್ಗೆ ದುರಸ್ತಿಯಾದ ಇನ್ನೊಂದು ಸ್ಪೀಕರನ್ನು ಪರೀಕ್ಷಿಸಲು ನಾನಾಗಿಯೇ ಆ ಮೂರನೆಯ ಹಾಡನ್ನು ಹಚ್ಚಿದೆ. ನಡುವೆ ಮಗ್ಗ ನಿಂತಿತು. ಸ್ಪೀಕರಿನ ಯಜಮಾನ ಗಾಬರಿಯಾದ.

"ಮತ್ತ ಬಂದ್ ಬಿತ್ತೇನ್ರಿ?"

"ಇಲ್ರಿ," ಎಂದೆ. "ತುಸು ತಡೀರಿ. ಎಳಿ ಹರದೈತಿ."