ಅನುಬಂಧ ನಾಲ್ಕರ ಚಟ್ನಿಪುಡಿ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಾನು ಒಂದು ಸರ್ಕಾರಿ ದಾಖಲೆಯನ್ನು ದೋಸೆಯ ಜೊತೆ ತಿಂದಿದ್ದೇನೆ. ಎರಡು ಸಲ ಹಾಕಿಸಿಕೊಂಡು ತಿಂದಿದ್ದೇನೆ. ಮೂರನೆಯ ದೋಸೆಯ ಹೊತ್ತಿಗೆ ದಾಖಲೆ ಮುಗಿದಿತ್ತು ಎಂಬುದೊಂದೇ ನನ್ನ ಪರವಾಗಿರುವ ಅಂಶ.

ಇದು ಅರ್ಥವಾಗಬೇಕಾದರೆ ನನ್ನ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾನು ಸರ್ಕಾರಿ ವಕೀಲ. ವಕೀಲ ಎಂದ ಕೂಡಲೇ ಕರಿ ಕೋಟು, ಮೇಜು ಗುದ್ದುವುದು, 'ಮಹಾಸ್ವಾಮಿ' ಎಂದು ಗುಡುಗುವುದು ನಿಮ್ಮ ಕಣ್ಣಿಗೆ ಕಟ್ಟಿದ್ದರೆ ದಯವಿಟ್ಟು ಅಳಿಸಿಬಿಡಿ. ನನ್ನ ಕೋಟು ಬಸವೇಶ್ವರನಗರದ ನಮ್ಮ ಮನೆಯ ಬೀರುವಿನಲ್ಲಿ ನುಸಿಗುಳಿಗೆಯ ಸಹವಾಸದಲ್ಲಿದೆ. ತೆರಿಗೆಯ ವಿಷಯಕ್ಕೆ ಸರ್ಕಾರಕ್ಕೂ ವ್ಯಾಪಾರಿಗೂ ಜಗಳವಾಗಿ, ಜಗಳ ಕೋರ್ಟು ಹತ್ತಿ, ಇಬ್ಬರಿಗೂ ಸುಸ್ತಾಗಿ, 'ಹೋಗಲಿ, ರಾಜಿಯಾಗೋಣ' ಎನ್ನುವ ಹೊತ್ತಿಗೆ ಕಡತ ನನ್ನ ಮೇಜಿಗೆ ಬರುತ್ತದೆ. ಆ ರಾಜಿಯಿಂದ ಸರ್ಕಾರಕ್ಕೆ ಬಾಧಕವುಂಟೋ ಇಲ್ಲವೋ ನೋಡಿ ನಾನು ಅಭಿಪ್ರಾಯ ಬರೆಯಬೇಕು. ಯುದ್ಧ ಮುಗಿದ ಮೇಲೆ ರಣರಂಗಕ್ಕೆ ಬಂದು ಚಪ್ಪಲಿ ಜೋಡಿಸುವ ಕೆಲಸ ಎಂದು ನನ್ನ ಹೆಂಡತಿ ಇದನ್ನು ವರ್ಣಿಸುತ್ತಾಳೆ. ನನ್ನ ಇಷ್ಟು ವರ್ಷದ ಸೇವೆಯ ಬಗ್ಗೆ ಇದಕ್ಕಿಂತ ಕರಾರುವಾಕ್ಕಾದ ವರದಿಯನ್ನು ಇಲಾಖೆಯಲ್ಲಿ ಯಾರೂ ಬರೆದಿಲ್ಲ.

ಈ ಕೆಲಸಕ್ಕೆ ಬೇಕಾದದ್ದು ಕಾನೂನಿನ ಜ್ಞಾನಕ್ಕಿಂತ ಹೆಚ್ಚಾಗಿ ನಿರ್ಲಿಪ್ತತೆ. ತಾವರೆ ಎಲೆಯ ಮೇಲಿನ ನೀರಿನ ಹಾಗಿರಬೇಕು ಎಂದು ಹಿರಿಯರು ಹೇಳಿದ್ದು ಸಂನ್ಯಾಸಿಗಳನ್ನು ಕುರಿತೋ ಸರ್ಕಾರಿ ವಕೀಲರನ್ನು ಕುರಿತೋ ಎಂಬ ಅನುಮಾನ ನನಗಿದೆ. ಅರ್ಜಿದಾರರ ಮುಖವನ್ನು ನಾನು ನೋಡುವುದೇ ಇಲ್ಲ. ಅವರೆಲ್ಲ ನನ್ನ ಪಾಲಿಗೆ ಒಂದೊಂದು ಸಹಿ. ಆದರೆ ಸಹಿಯೂ ಬಹಳ ಮಾತಾಡುತ್ತದೆ. ತಾನು ಗೆದ್ದೆ ಎಂದುಕೊಂಡವನ ಸಹಿಯ ಬಾಲ ಉದ್ದವಾಗಿರುತ್ತದೆ. ಅಂಥ ಕಡತವನ್ನು ನಾನು ಎರಡು ಸಲ ಓದುತ್ತೇನೆ. ಒಳ್ಳೆಯ ರಾಜಿಯಲ್ಲಿ ಎರಡೂ ಕಡೆಯ ಸಹಿಗಳು ಮೊಟಕಾಗಿ, ಸ್ವಲ್ಪ ಮುಖ ಊದಿಸಿಕೊಂಡಿರಬೇಕು.

ಹೀಗಿರುವಾಗ ಶಾಂತವ್ವ ಎಂಬಾಕೆಯ ಕಡತ ಬಂತು. ಬಾಗಲಕೋಟೆಯ ಕಡೆಯಿಂದ ಬಂದು ಶ್ರೀಗಂಧದ ಕಾವಲು ಎಂಬ ಬಡಾವಣೆಯಲ್ಲಿ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಹೆಂಗಸು. ಹಳೆಯ ತೆರಿಗೆ ಕಾಯ್ದೆಯ ಕಾಲದ ವ್ಯಾಜ್ಯ. ಹನ್ನೊಂದು ವರ್ಷ ವಯಸ್ಸು. ಪ್ರಶ್ನೆ ಇಷ್ಟೇ: ಶೇಂಗಾ ಚಟ್ನಿಪುಡಿ ಮಸಾಲೆಯೋ ಅಲ್ಲವೋ? ಮಸಾಲೆಯಾದರೆ ತೆರಿಗೆ ಜಾಸ್ತಿ, ಅಲ್ಲದಿದ್ದರೆ ಕಮ್ಮಿ. ಇದರ ಬಗ್ಗೆ ಎರಡೂ ಕಡೆಯವರು ಬರೆದದ್ದು ಒಟ್ಟು ಇನ್ನೂರು ಪುಟ. ಒಬ್ಬ ವಿದ್ವಾಂಸ ಅಧಿಕಾರಿ 'ಪುಡಿಯಾಗಿರುವುದೇ ಮಸಾಲೆಯ ಲಕ್ಷಣ' ಎಂದು ಬರೆದಿದ್ದರು. ಆ ಪ್ರಕಾರ ವಿಭೂತಿಯೂ ಮಸಾಲೆಯೇ. ಅದಿರಲಿ.

ಈಗ ಸರ್ಕಾರ ರಾಜಿ ಯೋಜನೆಯೊಂದನ್ನು ತಂದಿತ್ತು. ಮೇಲ್ಮನವಿ ವಾಪಸು ತೆಗೆದುಕೊಂಡು ಅಸಲು ತೆರಿಗೆ ಕಟ್ಟಿದರೆ ಬಡ್ಡಿ, ದಂಡ ಮಾಫಿ. ಆಕೆ ಒಪ್ಪಿ ಅರ್ಜಿ ಹಾಕಿದ್ದರು. ಆದರೆ ಅಚ್ಚು ಹಾಕಿದ ಅರ್ಜಿಯ ಕೆಳಗೆ, ಸಹಿಯ ಮೇಲೆ, ಕೈಬರಹದಲ್ಲಿ ಒಂದು ಸಾಲು: 'ಹೇಳಿದಷ್ಟು ಕಟ್ಟುತ್ತೇನೆ. ಆದರೆ ಇದು ಮಸಾಲೆ ಅಲ್ಲ.' ಓದುವವರಿಗೆ ಸಂಶಯ ಉಳಿಯಬಾರದೆಂದು ಚಟ್ನಿಪುಡಿಯ ಒಂದು ಪ್ಯಾಕೆಟ್ಟನ್ನೂ ಲಗತ್ತಿಸಿದ್ದರು. ನಮ್ಮ ಕಚೇರಿ ಅದಕ್ಕೆ ದಾರ ಕಟ್ಟಿ, ಚೀಟಿ ಅಂಟಿಸಿ, 'ಅನುಬಂಧ-೪' ಎಂದು ನಾಮಕರಣ ಮಾಡಿತ್ತು.

ಯೋಜನೆಯ ನಿಯಮ ಸ್ಪಷ್ಟವಾಗಿದೆ: ಷರತ್ತು ಹಾಕಿದ ಅರ್ಜಿಯನ್ನು ತಿರಸ್ಕರಿಸತಕ್ಕದ್ದು. ನಮ್ಮ ಕೇಸ್ ವರ್ಕರ್ ಮಂಜುಳಾ ಹಾಗೆಯೇ ಟಿಪ್ಪಣಿ ಬರೆದಿದ್ದಳು.

'ಫೋನ್ ಮಾಡಿ ಹೇಳ್ದೆ ಸಾರ್, ಆ ಒಂದ್ ಲೈನ್ ಹೊಡ್ದು ಹಾಕ್ಬಿಡಿ ಅಮ್ಮಾ ಅಂತ. ಆಯಮ್ಮ ಒಪ್ತಾನೇ ಇಲ್ಲ.'

'ಕಡೇ ದಿನ ಯಾವತ್ತು?'

'ಬುಧವಾರ ಸಾರ್. ತಿರಸ್ಕಾರ ಆದ್ರೆ ಬಡ್ಡಿ, ದಂಡ ಎಲ್ಲಾ ಸೇರ್ಕೊಂಡು ಮತ್ತೆ ಮೊದ್ಲಿಂದ.'

ನಿರ್ಲಿಪ್ತನಾಗಿ ಯೋಚಿಸೋಣವೆಂದು ಕಡತವನ್ನು ಶನಿವಾರ ಮನೆಗೆ ಒಯ್ದೆ. ಭಾನುವಾರ ಬೆಳಿಗ್ಗೆ ದೋಸೆಯ ಪಕ್ಕದಲ್ಲಿ ಕೆಂಪಗೆ, ಎಣ್ಣೆ ಮಿಂದು, ಏನೋ ಇತ್ತು. ಎರಡು ದೋಸೆ ಇಳಿದ ಮೇಲೆ ಹೆಂಡತಿ ಹೇಳಿದಳು: 'ಪರವಾಗಿಲ್ವೇ, ನಾನು ಹೇಳ್ದೇನೇ ಒಂದು ಒಳ್ಳೇ ಸಾಮಾನು ತಂದಿದ್ದೀರಿ.'

ನನ್ನ ಕೈ ಅಲ್ಲೇ ನಿಂತಿತು. 'ಅದರ ಮೇಲೆ ಅನುಬಂಧ ನಾಲ್ಕು ಅಂತ ಚೀಟಿ ಇತ್ತಲ್ಲೇ!'

'ಬ್ರ್ಯಾಂಡು ಅಂದ್ಕೊಂಡೆ ಕಣ್ರೀ.'

ಕಡತದಿಂದ ಹಾಳೆ ಕಳೆದುಹೋದರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಸುತ್ತೋಲೆ ಇದೆ. ಇಲಿ ತಿಂದರೂ ಇದೆ. ವಕೀಲ ತಿಂದರೆ ಇಲ್ಲ. ನಾನು ಬಟ್ಟೆ ಚೀಲ ಹಿಡಿದು ಮಾಗಡಿ ರಸ್ತೆಯ ಬಸ್ಸು ಹತ್ತಿದೆ.

ಅಂಗಡಿ ಒಂದು ಮನೆಯ ಮುಂಭಾಗದ ಕೋಣೆ. ಹೊರಗೆ ಶಾಂತವ್ವನ ಹೆಸರಿದ್ದ ಬೋರ್ಡು. ಚಟ್ನಿ ಎಂಬ ಅಕ್ಷರಗಳಿಗಿಂತ ಹೆಸರಿನ ಅಕ್ಷರಗಳು ದೊಡ್ಡವು. ಒಳಗೆ ಅರವತ್ತರ ಹತ್ತಿರದ ಗಟ್ಟಿ ಹೆಂಗಸು ಒನಕೆಯಂಥ ಕಬ್ಬಿಣದ ಹಾರೆಯಿಂದ ಒರಳಿನಲ್ಲಿ ಕುಟ್ಟುತ್ತಿದ್ದರು. ನಾನು ಸಾದಾ ಗಿರಾಕಿಯ ಮುಖ ಮಾಡಿಕೊಂಡು ಚಟ್ನಿಪುಡಿ ಕೇಳಿದೆ.

'ಯಾವುದ್ರೀ? ಶೇಂಗಾ, ಗುರೆಳ್ಳು, ಅಗಸಿ, ಎಲ್ಲಾ ಅದಾವ.'

'ಶೇಂಗಾ ಕೊಡಿ.' ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನೊಳಗಿನ ಇಲಾಖೆ ಬಾಯಿ ಹಾಕಿತು: 'ಇದನ್ನ ಸಾರಿಗೂ ಹಾಕಬಹುದಾ?'

ಹಾರೆ ನಿಂತಿತು. 'ಸಾರಿಗ್ಯಾಕ ಹಾಕ್ತೀರ್ರೀ?'

'ಅಲ್ಲ, ಮಸಾಲೆ ಥರ...'

'ಯಣ್ಣಾ, ನೀವು ಇಲ್ಲಿ ಕುಂದರ್ರಿ' ಎಂದು ಸ್ಟೂಲು ಎಳೆದು ಕೂರಿಸಿದರು. 'ಮಸಾಲಿ ಅಂದ್ರ ಏನ್ರೀ? ಕುದಿಯೂ ಗಡಗಿಯೊಳಗ ಹಾಕಿದ್ರ ಅದು ಹೋತು. ಉಂಡವರು ಸಾರು ಚೊಲೋ ಆಗೇತಿ ಅಂತಾರ, ಮಸಾಲಿ ಹೆಸರು ಯಾರು ತಗೀತಾರ? ಇಲ್ಲೇ ವಿಜಯನಗರದ ಹಾಸ್ಟೆಲಿನ್ಯಾಗ ಹದಿನೈದು ವರ್ಷ ನಾ ಮಸಾಲೀನ ಅರದೇನ್ರಿ. ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ಚಟ್ನಿ ಹಂಗಲ್ರೀ. ತಾಟಿನ್ಯಾಗ ರೊಟ್ಟಿ ಬಾಜೂಕ ತನ್ನ ಜಾಗಾ ಹಿಡದು ಕುಂದರತೈತಿ.'

ಅವರೇ ಮುಂದುವರಿಸಿದರು.

'ಸರಕಾರದವರು ರೊಕ್ಕ ಕಟ್ಟು ಅಂದ್ರು, ಕಟ್ಟತೀನಿ ಅಂತ ಅರ್ಜಿ ಕೊಟ್ಟೇನಿ. ತೋಳು ಬಿದ್ದು ಹೋಗ್ಯಾವ, ಕುಟ್ಟೂ ಮಷೀನಿಗೆ ಸಾಲ ಬೇಕು. ಬ್ಯಾಂಕಿನವರು ಕೇಸ್ ಮುಗಿಸ್ಕೊಂಡ ಬಾ ಅಂದಾರ. ಆದ್ರ ಮಸಾಲಿ ಅಂತ ನನ್ನ ಬಾಯಿಲೆ ಅನ್ನಿಸಬ್ಯಾಡ್ರೀ. ಆಗಂಗಿಲ್ಲಂದ್ರ ಬಿಡ್ಲಿ, ಕೈಲೇ ಕುಟ್ಟತೀನಿ.'

ಪ್ಯಾಕೆಟ್ಟು ತೆಗೆದುಕೊಂಡು ರಸೀದಿ ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. 'ಒಂದ ಪಾಕೀಟಿಗೆ ರಸೀದಿ ಕೇಳಿದ ಮೊದಲನೇ ಮನಷ್ಯಾ ನೀವ ನೋಡ್ರಿ. ಮನ್ಯಾಗ ಅಕ್ಕಾರು ಅಷ್ಟು ಜೋರ ಅದಾರೇನು?'

ಆ ಅಪವಾದವನ್ನು ನಾನು ನಿರಾಕರಿಸಲಿಲ್ಲ.

ಬಸ್ಸಿನಲ್ಲಿ ಬರುತ್ತ ರಾಜಿ ಎಂಬುದರ ಸ್ವರೂಪದ ಬಗ್ಗೆ ಗಂಭೀರವಾಗಿ ಚಿಂತಿಸಿದೆ. ಹಿಂದೆ ಊರ ಪಂಚಾಯ್ತಿಗಳಲ್ಲಿ ಜಗಳ ತೀರಿದ ಮೇಲೆ ಇಬ್ಬರಿಗೂ ಒಂದೇ ತಟ್ಟೆಯಿಂದ ವೀಳ್ಯ ಕೊಡುತ್ತಿದ್ದರಂತೆ. ಇದರ ಒಳಗುಟ್ಟನ್ನು ನಮ್ಮ ತಾತ ಹೇಳುತ್ತಿದ್ದರು: ಬಾಯಿ ತುಂಬ ತಾಂಬೂಲವಿದ್ದವನು ಮಾತಾಡಲಾರ, ಉಗಿಯುವ ಹೊತ್ತಿಗೆ ಮನೆ ಬಂದಿರುತ್ತದೆ. ಮನೆಯ ಹಿತ್ತಿಲಲ್ಲಿ ಉಗಿದು ಅವನು ಏನಂದ ಎಂದು ಯಾವ ಪಂಚಾಯ್ತಿಯೂ ಹಿಂದೆ ಹೋಗಿ ಕೇಳುತ್ತಿರಲಿಲ್ಲ. ಶಾಂತವ್ವ ಮಾಡಿದ ಅಪರಾಧವೆಂದರೆ ಹಿತ್ತಿಲಲ್ಲಿ ಹೇಳಬೇಕಾದದ್ದನ್ನು ಅರ್ಜಿಯಲ್ಲೇ ಬರೆದದ್ದು.

ಆದರೂ ಮನಸ್ಸಿಗೆ ಒಂದು ಅಂಜಿಕೆ. ಹೀಗೆ ಯೋಚಿಸುತ್ತಿರುವವನು ವಕೀಲನೋ, ಎರಡು ದೋಸೆ ತಿಂದವನೋ? ಪರೀಕ್ಷೆಗೆಂದು ಚಟ್ನಿಯನ್ನು ಮರೆತು, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇಥ್ ಇಟ್ಟುಕೊಂಡವನೊಬ್ಬ 'ಕಟ್ಟುತ್ತೇನೆ, ಆದರೆ ಇದು ಬೋಲ್ಟ್ ಅಲ್ಲ' ಎಂದು ಬರೆದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡೆ. ಬೋಲ್ಟಿನ ಬಗ್ಗೆ ನನಗೆ ಯಾವ ಮೋಹವೂ ಇಲ್ಲ. ಉತ್ತರ ಅದೇ ಬಂತು.

ಸೋಮವಾರ ಬರೆದೆ: 'ಹಣ ಕಟ್ಟಲಾಗಲಿ, ಮೇಲ್ಮನವಿ ಹಿಂಪಡೆಯಲಾಗಲಿ ಅರ್ಜಿದಾರರು ಷರತ್ತು ಹಾಕಿಲ್ಲ. ಕೊನೆಯ ಸಾಲು ಅವರ ಅಭಿಪ್ರಾಯ ಮಾತ್ರ. ಯೋಜನೆಯು ತೆರಿಗೆಯನ್ನು ಕೇಳುತ್ತದೆಯೇ ಹೊರತು ಮನಃಪರಿವರ್ತನೆಯನ್ನಲ್ಲ. ಅಂಗೀಕರಿಸಬಹುದು.' ಅದರ ಕೆಳಗೆ ಬೇರೆ ಕಂಡಿಕೆಯಲ್ಲಿ: 'ಮೂಲ ಅನುಬಂಧ-೪ ನನ್ನ ಮನೆಯಲ್ಲಿ ಪ್ರಮಾದವಶಾತ್ ಖರ್ಚಾಗಿರುತ್ತದೆ. ಸ್ವಂತ ಹಣದಲ್ಲಿ ಬದಲಿ ತಂದು, ರಸೀದಿಯೊಂದಿಗೆ ಲಗತ್ತಿಸಿದೆ.' ಓದಿದ ಮಂಜುಳಾ ಕೆಮ್ಮುವ ನೆಪದಲ್ಲಿ ಹೊರಗೆ ಹೋದಳು.

ಕಡತ ಮೇಲಕ್ಕೆ ಹೋಯಿತು. ಮೇಲಿರುವವರು ಶಿಸ್ತಿಗೆ ಹೆಸರಾದವರು; ಒಂದು ಪದಕ್ಕಿಂತ ಹೆಚ್ಚು ಬರೆದದ್ದನ್ನು ಯಾರೂ ನೋಡಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ಮಧ್ಯಾಹ್ನವೂ ಬರಲಿಲ್ಲ. ನಾನು ನಿರ್ಲಿಪ್ತನಾಗಿ ಬಾಗಿಲಿನವರೆಗೆ ಆರು ಸಲ ಹೋಗಿ ಬಂದೆ. ನಾಲ್ಕು ಗಂಟೆಗೆ ಮಂಜುಳಾ ಕಡತ ತಂದು ಮೇಜಿನ ಮೇಲಿಟ್ಟಳು.

ನನ್ನ ಟಿಪ್ಪಣಿಯ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಪದವಿತ್ತು: 'ಒಪ್ಪಿದೆ.' ಕೆಳಗೆ ಮೊಟಕು ಸಹಿ. ಸಹಿಗೂ ಒಪ್ಪಿಗೆಗೂ ನಡುವೆ, ಜಾಗ ಸಾಲದೆ ಇಕ್ಕಟ್ಟಾಗಿ, ಅದೇ ಶಾಯಿಯಲ್ಲಿ ಇನ್ನೊಂದು ಸಾಲು: 'ಆದರೆ ಇದು ಮಸಾಲೆಯೇ.'

ಮಂಜುಳಾ ಫೋನು ತೆಗೆದುಕೊಂಡು ಶಾಂತವ್ವನಿಗೆ ಸುದ್ದಿ ಹೇಳಿದಳು. ಮೊದಲ ಪದವನ್ನು ಮಾತ್ರ ಹೇಳಿದಳು. ಆಮೇಲೆ ಕಡತದೊಂದಿಗೆ ಮೇಲಿಂದ ಮರಳಿ ಬಂದಿದ್ದ, ದಾರ ಕಟ್ಟಿದ್ದ ಬದಲಿ ಪ್ಯಾಕೆಟ್ಟನ್ನು ಎತ್ತಿ ತೋರಿಸಿದಳು. ಅದರ ಬಾಯಿ ಕತ್ತರಿಸಿ, ಅಚ್ಚುಕಟ್ಟಾಗಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿತ್ತು. ಒಳಗೆ ಅರ್ಧ ಉಳಿದಿತ್ತು.

'ಇದನ್ನ ಏನಂತ ನೋಟ್ ಮಾಡ್ಲಿ ಸಾರ್?'

'ಕೂಲಂಕಷವಾಗಿ ಪರಿಶೀಲಿಸಲಾಗಿದೆ ಅಂತ ಬರಿಯಮ್ಮ' ಎಂದೆ.