ತಾನಾಗಿ ಬೀಳುವ ಗೇರು

ಎತ್ತಿನ ಜೋಡಿ ಮಾರಿ ಗಂಗವ್ವ ಹಿಟ್ಟಿನ ಗಿರಣಿಗೆಂದು ಎಂಜಿನ್ ಕೊಂಡಿದ್ದಳು. ಅದನ್ನು ಟ್ರೇಲರಿನಲ್ಲಿ ನರಗುಂದದಿಂದ ಗಜೇಂದ್ರಗಡಕ್ಕೆ ಎಳೆಯುವ ಕೆಲಸ ನನ್ನ ಜೀಪಿನದು. ಜೀಪು ತಣಿಯಲೆಂದು ದೊಡ್ಡ ಏರಿನ ಬುಡದಲ್ಲಿ ನಿಂತಾಗ, ಮುಂಬಯಿಯ ಸಾಹುಕಾರರೊಬ್ಬರು ವಿಲಾಯತಿ ಕಾರು ನಿಲ್ಲಿಸಿದರು. ಅದರ ಗೇರು ತಾನಾಗಿಯೇ ಬೀಳುತ್ತದಂತೆ! ಗೇರೆಂದರೆ ಭಾರಕ್ಕೆ ತಕ್ಕಂತೆ ಎಳೆತ ಬದಲಿಸುವ ಹಲ್ಲುಚಕ್ರ; ನಾವು ಅದನ್ನು ಕೈಯಿಂದಲೇ ಹಾಕಬೇಕು.

“ಟ್ರೇಲರ್ ನನ್ನ ಕಾರಿಗೆ ಕಟ್ರಿ. ಅದಕ್ಕ ಎಲ್ಲಾ ತಾನ ತಿಳೀತದ,” ಎಂದರು.

“ಬ್ಯಾಡ್ರಿ ಸಾವ್ಕಾರ್ರ. ತಾನ ತಿಳಕೊಂಡು ನಡಿಯೋ ಎತ್ತು ನಮ್ಮನ್ಯಾಗೂ ಒಂದಿತ್ತು. ಏರು ಕಂಡ್ರ ಮನಿ ಕಡೆ ತಿರಗತಿತ್ತು,” ಎಂದು ಗಂಗವ್ವ ಜೀಪು ಹತ್ತಿದಳು.

ಅರ್ಧ ಏರಿಗೆ ಎರಡನೇ ಗೇರು ಸೋತಿತು. ಒಂದನೆಯದಕ್ಕೆ ಹಾಕಲು ಕ್ಲಚ್ಚು ತುಳಿದೆ. ತುಳಿದರೆ ಎಂಜಿನ್ನಿಗೂ ಗಾಲಿಗೂ ಸಂಬಂಧ ತಪ್ಪುತ್ತದೆ ನೋಡಿ, ಭಾರ ನಮ್ಮನ್ನೇ ಹಿಂದಕ್ಕೆಳೆಯಿತು! ಗೇರು ಕಿರುಗುಟ್ಟಿತೇ ಹೊರತು ಬೀಳಲಿಲ್ಲ. ಗಂಗವ್ವ ಎತ್ತು ಹೊಡೆಯುವಾಗಿನಂತೆ ಲೊಚಗುಟ್ಟಿ, “ಹಾಂ, ನಡಿಯೋ ನನ್ನ ರಾಜಾ!” ಎಂದು ಜೀಪಿನ ಬದಿ ಬಡಿದಳು. ಗೇರು ಗಟ್ಟಿಯಾಗಿ ಕೂತಿತು. ಜೀಪು ಗರ್ಜಿಸುತ್ತ ಏರು ಹತ್ತಿಯೇಬಿಟ್ಟಿತು!

“ಗೇರು ಬಿತ್ತು ನೋಡಬೇ!” ಎಂದು ಕೂಗಿದೆ.

“ನೀ ಕೈಲೆ ಹಾಕಿದಿ, ನಾ ಬಾಯಿಲೆ ಹಾಕಿದೆ, ತಮ್ಮಾ,” ಎಂದಳು.

ಅಂದಿನಿಂದ ಏರಿನಲ್ಲಿ ಗೇರು ಹಾಕುವಾಗಲೆಲ್ಲ ನನ್ನ ನಾಲಗೆ ಲೊಚಗುಟ್ಟುತ್ತದೆ. ನನ್ನ ಜೀಪಿನಲ್ಲಿ ತಾನಾಗಿ ನಡೆಯುವುದು ಅದೊಂದೇ.